ದೇವರಾಜ ಅರಸು: ಉಳುವವನ ನೆಲ, ಬೆಳೆಯುವ ನಗರದ ಎಲ್ಲೆ

ಡಿ. ದೇವರಾಜ ಅರಸು ಅವರ ಹೆಸರು ಕೇಳಿದೊಡನೆ ಕನ್ನಡಿಗರಿಗೆ ನೆನಪಾಗುವುದು ಭೂಸುಧಾರಣೆ. ಗೇಣಿದಾರರಿಗೆ ನೆಲದ ಒಡೆತನ ಕೊಡಿಸಿದ ಮುಖ್ಯಮಂತ್ರಿ, ಹಾವನೂರು ಆಯೋಗದ ಮೂಲಕ ಹಿಂದುಳಿದ ವರ್ಗಗಳಿಗೆ ಅಧಿಕಾರದ ಬಾಗಿಲು ತೆರೆದ ನಾಯಕ ಎಂದೇ ಜಯಂತಿಯ ಭಾಷಣಗಳು ಅವರನ್ನು ಪರಿಚಯಿಸುತ್ತವೆ. ಅದು ನಿಜವೂ ಹೌದು. ಆದರೆ ರಾಜ್ಯದ ನಗರಗಳ, ಅದರಲ್ಲೂ ಬೆಂಗಳೂರಿನ, ಇಂದಿನ ರೂಪಕ್ಕೆ ಕಾರಣವಾದ ಕಾನೂನುಗಳಲ್ಲಿ ಹಲವು ಅವರ ಆಡಳಿತದಲ್ಲೇ ಹುಟ್ಟಿದವು ಎಂಬುದನ್ನು ನಾವು ಅಷ್ಟಾಗಿ ನೆನೆಯುವುದಿಲ್ಲ.

1973ರಿಂದ 1978ರವರೆಗಿನ ಐದಾರು ವರ್ಷಗಳಲ್ಲಿ ರಾಜ್ಯದ ಶಾಸನಸಭೆ ಕೊಳಚೆ ಪ್ರದೇಶಗಳ ಸುಧಾರಣೆಗೊಂದು, ಕೃಷಿಭೂಮಿಯ ರಕ್ಷಣೆಗೊಂದು, ನಗರದ ವಿಸ್ತರಣೆಗೊಂದು, ನಗರಪಾಲಿಕೆಗಳ ಆಡಳಿತಕ್ಕೊಂದು ಎಂಬಂತೆ ಸಾಲುಸಾಲಾಗಿ ಕಾಯ್ದೆಗಳನ್ನು ರೂಪಿಸಿತು. ಬೆಳೆಯುತ್ತಿರುವ ನಗರವನ್ನು ಒಳಗಿನಿಂದ ದುರಸ್ತಿ ಮಾಡಬೇಕೋ, ಹೊರಗೆ ಹಿಗ್ಗಿಸಬೇಕೋ ಎಂಬ ಪ್ರಶ್ನೆ ಈ ಎಲ್ಲ ಕಾಯ್ದೆಗಳ ಹಿಂದೆ ಇತ್ತು. ಅರಸು ಸರ್ಕಾರ ಎರಡಕ್ಕೂ ಕಾನೂನು ಮಾಡಿತು. ಆದರೆ ಎರಡಕ್ಕೂ ಒಂದೇ ಬಲವನ್ನು ಕೊಡಲಿಲ್ಲ. ಅದರ ಫಲವನ್ನು ಇಂದು ಬೆಂಗಳೂರಿನ ಹೊರವಲಯ ಮಾತ್ರವಲ್ಲ, ಇನ್ನೂರು ಕಿಲೋಮೀಟರಿಗೂ ಆಚೆ ಸಕಲೇಶಪುರದ ಬೆಟ್ಟಸಾಲಿನ ಹೊಂಗಡಹಳ್ಳದಂತಹ ಊರುಗಳೂ ಕಾಣುತ್ತಿವೆ.

ಕಲ್ಲಹಳ್ಳಿಯ ಒಕ್ಕಲುತನ

ಅರಸು ಅವರು ಜನಿಸಿದ್ದು 1915ರ ಆಗಸ್ಟ್ 20ರಂದು, ಮೈಸೂರು ಜಿಲ್ಲೆಯ ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿಯಲ್ಲಿ. ಮೈಸೂರು ರಾಜಮನೆತನಕ್ಕೆ ಹತ್ತಿರದ ಅರಸು ಸಮುದಾಯ ಅವರದು. ಸಂಖ್ಯೆಯಲ್ಲಿ ತೀರ ಸಣ್ಣದಾದ ಈ ಸಮುದಾಯದ ಬೆಂಬಲವೊಂದನ್ನೇ ನಂಬಿ ರಾಜಕೀಯದಲ್ಲಿ ಮೇಲೇರುವುದು ಯಾರಿಗೂ ಸಾಧ್ಯವಿರಲಿಲ್ಲ. ಮೈಸೂರಿನಲ್ಲಿ ಆರಂಭದ ವ್ಯಾಸಂಗ ಮುಗಿಸಿದ ಅವರು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ವಿಜ್ಞಾನ ಪದವಿ ಪಡೆದರು. ಆ ಕಾಲಕ್ಕೆ ಪದವೀಧರನೊಬ್ಬನಿಗೆ ಸಂಸ್ಥಾನದ ನೌಕರಿ ದುರ್ಲಭವಾಗಿರಲಿಲ್ಲ. ಆದರೂ ಅವರು ಊರಿಗೆ ಮರಳಿ ಬೇಸಾಯಕ್ಕೆ ಇಳಿದರು.

ಬೇಸಾಯದ ಈ ಅನುಭವ ಮುಂದೆ ಅವರ ಕಾನೂನುಗಳಲ್ಲಿ ಸ್ಪಷ್ಟವಾಗಿ ಕಾಣಿಸಿಕೊಂಡಿತು. ಗೇಣಿ, ವಾರ, ಅಳತೆ, ಪಹಣಿ ಎಂಬ ಪದಗಳು ಅವರಿಗೆ ಕಡತದಿಂದ ಕಲಿತವುಗಳಾಗಿರಲಿಲ್ಲ. 1941ರಲ್ಲಿ ಮೈಸೂರು ಪ್ರಜಾಪ್ರತಿನಿಧಿ ಸಭೆಗೆ ಆಯ್ಕೆಯಾದ ಅವರು ಸ್ವಾತಂತ್ರ್ಯ ಚಳವಳಿಯಲ್ಲೂ ಭಾಗವಹಿಸಿದರು. 1952ರ ಮೊದಲ ಸಾರ್ವತ್ರಿಕ ಚುನಾವಣೆಯಲ್ಲಿ ಹುಣಸೂರಿನಿಂದ ವಿಧಾನಸಭೆ ಪ್ರವೇಶಿಸಿ, ಆ ಕ್ಷೇತ್ರವನ್ನೇ ತಮ್ಮ ರಾಜಕೀಯದ ನೆಲೆಯಾಗಿ ಮಾಡಿಕೊಂಡರು. ಅರವತ್ತರ ದಶಕದಲ್ಲಿ ಸಚಿವರೂ ಆದರು.

1969ರ ಜುಲೈನಲ್ಲಿ ಬೆಂಗಳೂರಿನ ಲಾಲ್‌ಬಾಗ್ ಗಾಜಿನ ಮನೆಯಲ್ಲಿ ನಡೆದ ಕಾಂಗ್ರೆಸ್ ಅಧಿವೇಶನ ಪಕ್ಷದ ಒಡಕನ್ನು ಬಹಿರಂಗಗೊಳಿಸಿತು. ರಾಜ್ಯದ ಪ್ರಭಾವಿ ನಾಯಕರಲ್ಲಿ ಹೆಚ್ಚಿನವರು ಎಸ್. ನಿಜಲಿಂಗಪ್ಪ ಅವರ ಬೆನ್ನಿಗೆ ನಿಂತರು. ಅರಸು ಅವರು ಇಂದಿರಾ ಗಾಂಧಿ ಅವರ ಪಾಳೆಯಕ್ಕೆ ಹೋದರು. ಪ್ರಬಲ ಜಾತಿಗಳ ನಾಯಕರು ಎದುರು ಬಣದಲ್ಲಿದ್ದಾಗ ಅವರಿಗೆ ಉಳಿದದ್ದು ಅಧಿಕಾರದ ಹೊರಗಿದ್ದ ಜನವರ್ಗಗಳು. 1972ರ ಚುನಾವಣೆಯಲ್ಲಿ 216 ಸ್ಥಾನಗಳ ಪೈಕಿ 165ನ್ನು ಗೆದ್ದ ಕಾಂಗ್ರೆಸ್ ಅರಸು ಅವರನ್ನು ನಾಯಕರನ್ನಾಗಿ ಆರಿಸಿತು. ಆ ವರ್ಷದ ಮಾರ್ಚ್ 20ರಂದು ಅವರು ಮುಖ್ಯಮಂತ್ರಿಯಾದರು. ಮೈಸೂರು ರಾಜ್ಯಕ್ಕೆ ಕರ್ನಾಟಕ ಎಂಬ ಹೆಸರು ಬಂದದ್ದು ಅವರ ಅವಧಿಯಲ್ಲೇ, 1973ರ ನವೆಂಬರ್ 1ರಂದು.

ಕೈಗೆ ಬಂದ ನಗರ

ಅರಸು ಅವರ ಕೈಗೆ ಬಂದ ರಾಜಧಾನಿ ಆ ಹೊತ್ತಿಗಾಗಲೇ ಹಳೆಯ ಅಂಗಿ ಹಿಡಿಸದ ಹುಡುಗನಂತಿತ್ತು. 1941ರಲ್ಲಿ ಸುಮಾರು ನಾಲ್ಕು ಲಕ್ಷವಿದ್ದ ಬೆಂಗಳೂರಿನ ಜನಸಂಖ್ಯೆ 1971ರ ಜನಗಣತಿಯಲ್ಲಿ ಹದಿನಾರೂವರೆ ಲಕ್ಷ ಮುಟ್ಟಿತ್ತು. ಎಚ್‌ಎಎಲ್, ಐಟಿಐ, ಬಿಇಎಲ್, ಎಚ್‌ಎಂಟಿ ಮೊದಲಾದ ಸಾರ್ವಜನಿಕ ಉದ್ದಿಮೆಗಳು ನಗರದ ಅಂಚಿನಲ್ಲಿ ನೆಲೆಯೂರಿ ಹೊಸ ಜನರನ್ನು ಕರೆತಂದಿದ್ದವು. ನಗರ ಮತ್ತು ದಂಡು ಎಂಬ ಎರಡು ಪ್ರತ್ಯೇಕ ಪುರಸಭೆಗಳನ್ನು 1949ರಲ್ಲಿ ಒಂದುಗೂಡಿಸಿ ಪಾಲಿಕೆ ರಚಿಸಲಾಗಿತ್ತು.

ಹೊಸ ಬಡಾವಣೆಗಳ ಹೊಣೆ 1945ರ ಕಾಯ್ದೆಯಡಿ ಸ್ಥಾಪನೆಯಾಗಿದ್ದ ನಗರಾಭಿವೃದ್ಧಿ ವಿಶ್ವಸ್ಥ ಮಂಡಳಿಯದು. ಜನ ಅದನ್ನು ಸಿಐಟಿಬಿ ಎಂದೇ ಕರೆಯುತ್ತಿದ್ದರು. ಜಯನಗರ, ರಾಜಾಜಿನಗರಗಳಂತಹ ಬಡಾವಣೆಗಳು ಆ ಮಂಡಳಿಯ ಕಾಲದವು. ಹೊರಗೆ ಬಡಾವಣೆ ಕಟ್ಟಿ ನಗರದ ಒತ್ತಡ ಇಳಿಸುವ ಈ ಪದ್ಧತಿ ಮೈಸೂರು ಸಂಸ್ಥಾನಕ್ಕೆ ಹಳೆಯದು. 1898ರಲ್ಲಿ ಪ್ಲೇಗ್ ಬಂದಾಗ ಪೇಟೆಯ ಇಕ್ಕಟ್ಟಿಗೆ ದಿವಾನ್ ಕೆ. ಶೇಷಾದ್ರಿ ಅಯ್ಯರ್ ಅವರ ಆಡಳಿತ ಕಂಡುಕೊಂಡ ಪರಿಹಾರವೂ ಮಲ್ಲೇಶ್ವರ, ಬಸವನಗುಡಿಗಳೆಂಬ ಹೊಸ ಬಡಾವಣೆಗಳೇ. ಪೇಟೆಯ ಓಣಿಗಳು ಮಾತ್ರ ಬಹುಮಟ್ಟಿಗೆ ಹಾಗೆಯೇ ಉಳಿದವು.

ಅರಸು ಮುಖ್ಯಮಂತ್ರಿಯಾದ ವರ್ಷವೇ ಬೆಂಗಳೂರಿನ ರೂಪರೇಖಾ ಅಭಿವೃದ್ಧಿ ಯೋಜನೆಗೆ ಸರ್ಕಾರದ ಒಪ್ಪಿಗೆ ದೊರೆಯಿತು. ಅದರ ಸಿದ್ಧತೆ ಹಿಂದಿನ ಸರ್ಕಾರಗಳ ಕಾಲದಲ್ಲೇ ಆರಂಭವಾಗಿತ್ತು. ಕಟ್ಟಬಹುದಾದ ಪ್ರದೇಶ ಇಷ್ಟು, ಅದರಾಚೆ ಹಸಿರು ಪಟ್ಟಿ ಇರಬೇಕು ಎಂಬ ಕಲ್ಪನೆ ಆಗ ಜಗತ್ತಿನ ಹಲವೆಡೆ ಚಾಲ್ತಿಯಲ್ಲಿತ್ತು. ಲಂಡನ್ ನಗರಕ್ಕಾಗಿ ಬ್ರಿಟನ್ 1938ರಲ್ಲೇ ಇಂತಹ ಕಾಯ್ದೆ ಮಾಡಿತ್ತು. ಆದರೆ ನಕ್ಷೆಯ ಮೇಲೆ ಹಸಿರು ಬಣ್ಣ ಬಳಿದಷ್ಟು ಸುಲಭವಾಗಿ ನೆಲದ ಮೇಲೆ ಹಸಿರು ಉಳಿಯುವುದಿಲ್ಲ. ಅದಕ್ಕೆ ನೆಲದ ವ್ಯಾಪಾರವನ್ನು ಹಿಡಿದಿಡುವ ಕಾನೂನು ಬೇಕು, ನಗರದ ಒಳಗೇ ಬಡವನಿಗೆ ನಿಲ್ಲಲು ಜಾಗವೂ ಬೇಕು.

ಒಳಗಿನ ದುರಸ್ತಿ

ನಗರದ ಒಳಗಿನ ಬದುಕಿನ ಬಗ್ಗೆ ಅರಸು ಸರ್ಕಾರದ ಮೊದಲ ದೊಡ್ಡ ಹೆಜ್ಜೆ ರಸ್ತೆಗೋ ಕಟ್ಟಡಕ್ಕೋ ಸಂಬಂಧಿಸಿದ್ದಲ್ಲ. ಅದು ತಲೆಯ ಮೇಲೆ ಮಲ ಹೊರುವ ಪದ್ಧತಿಯ ನಿಷೇಧ. ಪೌರಾಡಳಿತ ಖಾತೆ ನೋಡಿಕೊಳ್ಳುತ್ತಿದ್ದ ಬಿ. ಬಸವಲಿಂಗಪ್ಪ ಅವರು ಈ ಆದೇಶದ ಹಿಂದಿನ ಶಕ್ತಿ. ಕೇಂದ್ರ ಸರ್ಕಾರ ಈ ಕುರಿತು ಕಾಯ್ದೆ ಮಾಡಿದ್ದು 1993ರಲ್ಲಿ ಎಂಬುದನ್ನು ನೆನೆದರೆ ಆ ಆದೇಶದ ಮಹತ್ವ ತಿಳಿಯುತ್ತದೆ. ಕನ್ನಡ ಸಾಹಿತ್ಯದ ಕುರಿತ ಅವರ ಮಾತು 1973ರ ಕೊನೆಯಲ್ಲಿ ಬೂಸಾ ಗಲಭೆಗೆ ಕಾರಣವಾಗಿ ಬಸವಲಿಂಗಪ್ಪ ಸಂಪುಟ ತೊರೆಯಬೇಕಾಯಿತು. ಹಳೆಯ ನಗರಕ್ಕೆ ಒಳಚರಂಡಿ ಕೊಡುವುದು ಇಂಜಿನಿಯರಿಂಗ್ ಕೆಲಸ ಮಾತ್ರವಲ್ಲ, ಮನುಷ್ಯನ ಘನತೆಯ ಪ್ರಶ್ನೆ ಎಂಬ ತಿಳಿವಳಿಕೆಯನ್ನು ಅವರು ಸರ್ಕಾರದ ಕಡತಕ್ಕೆ ಸೇರಿಸಿ ಹೋಗಿದ್ದರು.

ಅದೇ ಹೊತ್ತಿಗೆ ರೂಪುಗೊಂಡದ್ದು 1973ರ ಕರ್ನಾಟಕ ಕೊಳಚೆ ಪ್ರದೇಶಗಳ (ಸುಧಾರಣೆ ಮತ್ತು ನಿರ್ಮೂಲನ) ಕಾಯ್ದೆ. ಅದರಡಿ 1975ರಲ್ಲಿ ಕೊಳಚೆ ನಿರ್ಮೂಲನ ಮಂಡಳಿ ಸ್ಥಾಪನೆಯಾಯಿತು. ಹೆಸರಿನಲ್ಲಿ ಸುಧಾರಣೆ ಮೊದಲು, ನಿರ್ಮೂಲನ ನಂತರ ಎಂಬುದು ಗಮನಾರ್ಹ. ಸರ್ಕಾರ ಒಂದು ಪ್ರದೇಶವನ್ನು ಕೊಳಚೆ ಪ್ರದೇಶವೆಂದು ಘೋಷಿಸಿದರೆ ಅಲ್ಲಿ ನೀರು, ಶೌಚಾಲಯ, ಚರಂಡಿ, ದಾರಿದೀಪ ಒದಗಿಸುವ ಹೊಣೆ ಹುಟ್ಟುತ್ತಿತ್ತು. ಅಲ್ಲಿನ ನಿವಾಸಿಗಳನ್ನು ಮನಬಂದಂತೆ ಎತ್ತಂಗಡಿ ಮಾಡುವುದಕ್ಕೂ ಕಾಯ್ದೆ ತಡೆ ಹಾಕಿತ್ತು. ಬಡವನನ್ನು ನಗರದಿಂದ ಹೊರಗೆ ಸಾಗಿಸದೆ, ಅವನು ಇರುವಲ್ಲೇ ಊರನ್ನು ಸರಿಪಡಿಸುವ ದಾರಿ ಇದು. ತುರ್ತುಪರಿಸ್ಥಿತಿಯ ದಿನಗಳಲ್ಲಿ, 1976ರ ಏಪ್ರಿಲ್‌ನಲ್ಲಿ, ದೆಹಲಿಯ ತುರ್ಕ್‌ಮನ್ ಗೇಟ್ ಬಳಿ ಬುಲ್ಡೋಜರುಗಳು ನುಗ್ಗಿದಾಗ ಕರ್ನಾಟಕದ ಶಾಸನಪುಸ್ತಕದಲ್ಲಿ ಇಂತಹದೊಂದು ಕಾಯ್ದೆ ಇತ್ತು.

ಆದರೆ ಮಂಡಳಿಗೆ ಸ್ವಂತ ಆದಾಯದ ಮೂಲವಿರಲಿಲ್ಲ. ಪ್ರತಿವರ್ಷ ಆಯವ್ಯಯದಲ್ಲಿ ಸರ್ಕಾರ ಕೊಟ್ಟಷ್ಟು, ಕೇಂದ್ರದ ಯೋಜನೆಗಳಿಂದ ಬಂದಷ್ಟು ಅದರ ಪಾಲು. ಈ ಕೊರತೆ ಮುಂದಿನ ಕಥೆಗೆ ಮುಖ್ಯವಾಗುತ್ತದೆ.

ಉಳುವವನಿಗೆ ನೆಲ

1974ರ ಮಾರ್ಚ್ 1 ಅರಸು ಅವರ ಜೀವನದ ಅತಿ ಮುಖ್ಯ ದಿನ ಎನ್ನಬಹುದು. 1961ರ ಭೂಸುಧಾರಣಾ ಕಾಯ್ದೆಗೆ ಅವರ ಸರ್ಕಾರ ತಂದ ವ್ಯಾಪಕ ತಿದ್ದುಪಡಿ ಜಾರಿಗೆ ಬಂದದ್ದು ಅಂದು. ಗೇಣಿಗೆ ಕೊಟ್ಟಿದ್ದ ಜಮೀನೆಲ್ಲ ಅಂದಿನಿಂದ ಸರ್ಕಾರಕ್ಕೆ ಸೇರಿತು. ಉಳುತ್ತಿದ್ದವರು ಫಾರಂ ನಂ. 7ರಲ್ಲಿ ಅರ್ಜಿ ಹಾಕಿ, ತಾಲ್ಲೂಕುಗಳಲ್ಲಿ ರಚಿಸಲಾದ ಭೂ ನ್ಯಾಯಮಂಡಳಿಗಳ ಮುಂದೆ ತಮ್ಮ ಹಕ್ಕು ಸ್ಥಾಪಿಸಬೇಕಿತ್ತು. ಲಕ್ಷಾಂತರ ಅರ್ಜಿಗಳು ಬಂದವು. 1951ರ ಕಾಗೋಡು ಸತ್ಯಾಗ್ರಹ ಎತ್ತಿದ್ದ ಪ್ರಶ್ನೆಗೆ ಎರಡು ದಶಕಗಳ ನಂತರ ಶಾಸನದ ಉತ್ತರ ದೊರೆಯಿತು. ಕುಟುಂಬವೊಂದು ಹೊಂದಬಹುದಾದ ಜಮೀನಿನ ಮಿತಿಯನ್ನು ನೆಲದ ಗುಣಮಟ್ಟಕ್ಕೆ ಅನುಗುಣವಾಗಿ ಹತ್ತರಿಂದ ಐವತ್ತನಾಲ್ಕು ಎಕರೆಗಳವರೆಗೆ ನಿಗದಿ ಮಾಡಲಾಯಿತು.

ಈ ತಿದ್ದುಪಡಿಯಲ್ಲಿ ನಗರಕ್ಕೆ ಸಂಬಂಧಿಸಿದ ಭಾಗವೂ ಒಂದಿತ್ತು. ಕಲಂ 79ಎ ಮತ್ತು 79ಬಿಗಳ ಪ್ರಕಾರ, ಕೃಷಿಯೇತರ ಆದಾಯ ನಿಗದಿತ ಮಿತಿ ಮೀರಿದವರು, ಸ್ವತಃ ಬೇಸಾಯ ಮಾಡದವರು ಮತ್ತು ಕಂಪನಿಗಳು ಕೃಷಿಭೂಮಿಯನ್ನು ಕೊಳ್ಳುವಂತಿರಲಿಲ್ಲ. ಮೇಲ್ನೋಟಕ್ಕೆ ಇದು ರೈತನ ರಕ್ಷಣೆಯ ನಿಯಮ. ಆದರೆ ನಗರದ ಹಣ ಊರಾಚೆಯ ಹೊಲವನ್ನು ಕೊಂಡು, ಬೆಲೆ ಏರುವವರೆಗೆ ಪಾಳು ಬಿಟ್ಟು, ಆಮೇಲೆ ಸೈಟು ಮಾಡಿ ಮಾರುವ ದಾರಿಗೆ ಅಡ್ಡಲಾಗಿ ಇಟ್ಟ ಬೇಲಿಯೂ ಅದೇ ಆಗಿತ್ತು. 1978ರಲ್ಲಿ ಅವರ ಎರಡನೆಯ ಅವಧಿಯಲ್ಲಿ ಬಂದ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಮಂಜೂರಾದ ಜಮೀನುಗಳ ಪರಭಾರೆ ನಿಷೇಧ ಕಾಯ್ದೆಯೂ ಇದೇ ಬೇಲಿಯ ಇನ್ನೊಂದು ಗೂಟ. ಬೆಂಗಳೂರಿನ ಸುತ್ತಲಿನ ಹಳ್ಳಿಗಳಲ್ಲಿ ಈ ಕಾಯ್ದೆಯಡಿ ಇಂದಿಗೂ ಮೊಕದ್ದಮೆಗಳು ನಡೆಯುತ್ತಿವೆ.

1976ರಲ್ಲಿ ಕೇಂದ್ರದ ನಗರ ಭೂ ಮಿತಿ ಕಾಯ್ದೆಯನ್ನು ಮೊದಲ ಹಂತದಲ್ಲೇ ಒಪ್ಪಿಕೊಂಡ ರಾಜ್ಯಗಳಲ್ಲಿ ಕರ್ನಾಟಕವೂ ಸೇರಿತ್ತು. ಬೆಂಗಳೂರಿನಲ್ಲಿ ಒಬ್ಬರು ಹೊಂದಬಹುದಾದ ಖಾಲಿ ನಿವೇಶನದ ಮಿತಿ ಒಂದು ಸಾವಿರ ಚದರ ಮೀಟರ್ ಎಂದಾಯಿತು. ಹೊಲದಲ್ಲಿ ಮಾಡಿದ್ದನ್ನು ನಗರದಲ್ಲೂ ಮಾಡುವ ಪ್ರಯತ್ನ ಅದು. ಹೆಚ್ಚುವರಿ ಭೂಮಿಯನ್ನು ಬಡವರ ಮನೆಗಳಿಗೆ ಬಳಸುವುದು ಉದ್ದೇಶ. ಆದರೆ ವಿನಾಯಿತಿಗಳ ಕಲಮುಗಳು ಕಾಯ್ದೆಯ ಹೊಟ್ಟೆಯನ್ನೇ ಕೊರೆದವು. ದೇಶದಾದ್ಯಂತ ನಿರೀಕ್ಷಿತ ಫಲ ಕಾಣದೆ 1999ರಲ್ಲಿ ಅದು ರದ್ದಾಯಿತು. ಕರ್ನಾಟಕವೂ ರದ್ದತಿಯನ್ನು ಒಪ್ಪಿಕೊಂಡಿತು.

ಪ್ರಾಧಿಕಾರದ ಹುಟ್ಟು

ಇವೆಲ್ಲದರ ನಡುವೆ ಬಂದದ್ದು 1976ರ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ ಕಾಯ್ದೆ. 1975ರ ಡಿಸೆಂಬರ್ 20ರಿಂದಲೇ ಅದು ಜಾರಿಗೆ ಬಂದಿತೆಂದು ಪರಿಗಣಿಸಲಾಯಿತು. ಹಳೆಯ ವಿಶ್ವಸ್ಥ ಮಂಡಳಿ ಇಲ್ಲವಾಯಿತು. ನಗರದ ಯೋಜನೆ ರೂಪಿಸುವ ಅಧಿಕಾರ, ಬಡಾವಣೆ ನಿರ್ಮಿಸುವ ಅಧಿಕಾರ, ಅದಕ್ಕಾಗಿ ಭೂಸ್ವಾಧೀನದ ಅಧಿಕಾರ ಮೂರೂ ಒಂದೇ ಸಂಸ್ಥೆಯಲ್ಲಿ ಸೇರಿದವು. ಪ್ರಾಧಿಕಾರದ ಅನುಮತಿಯಿಲ್ಲದೆ ಖಾಸಗಿಯವರು ಬಡಾವಣೆ ಮಾಡುವುದನ್ನು ಕಲಂ 32 ನಿರ್ಬಂಧಿಸಿತು. ಬಿಡಿಬಿಡಿಯಾಗಿ, ಅಂಕೆಯಿಲ್ಲದೆ ಹರಡುತ್ತಿದ್ದ ನಗರವನ್ನು ಒಂದು ಕೈಗೆ ಕೊಟ್ಟು ಕ್ರಮಕ್ಕೆ ತರುವ ಉದ್ದೇಶ ಅಲ್ಲಿತ್ತು. ದೆಹಲಿಯಲ್ಲಿ 1957ರಿಂದ ಇಂತಹ ಪ್ರಾಧಿಕಾರ ಕೆಲಸ ಮಾಡುತ್ತಿತ್ತು.

ಕೊಳಚೆ ಮಂಡಳಿಗೂ ಈ ಪ್ರಾಧಿಕಾರಕ್ಕೂ ಇದ್ದ ವ್ಯತ್ಯಾಸವನ್ನು ಇಲ್ಲಿ ಗಮನಿಸಬೇಕು. ಪ್ರಾಧಿಕಾರ ಭೂಮಿಯನ್ನು ಸ್ವಾಧೀನಪಡಿಸಿಕೊಂಡು, ನಿವೇಶನ ಮಾಡಿ, ಹಂಚಿ, ಹರಾಜು ಹಾಕಿ ತನ್ನ ಖರ್ಚನ್ನು ತಾನೇ ದುಡಿಯಬಹುದಿತ್ತು. ಹೊರಗೆ ಹೋದಷ್ಟೂ ಅದಕ್ಕೆ ಆದಾಯ. ಒಳಗಿನ ದುರಸ್ತಿಯಿಂದ ಯಾರಿಗೂ ಹಣ ಹುಟ್ಟುತ್ತಿರಲಿಲ್ಲ. ಹೀಗೆ ಒಂದೇ ಸರ್ಕಾರ ಒಂದೆರಡು ವರ್ಷಗಳ ಅಂತರದಲ್ಲಿ ಕಟ್ಟಿದ ಎರಡು ಸಂಸ್ಥೆಗಳಲ್ಲಿ ಒಂದು ನೆಲದಿಂದ ಬಲಿಯಿತು, ಇನ್ನೊಂದು ಆಯವ್ಯಯದ ಬಾಗಿಲಲ್ಲಿ ಕಾದು ನಿಂತಿತು. ಪ್ರಾಧಿಕಾರವನ್ನು ನಡೆಸುವವರು ಬಹುಪಾಲು ಸರ್ಕಾರ ನೇಮಿಸಿದ ಅಧಿಕಾರಿಗಳು. ನಗರದ ಮತದಾರನಿಗೆ ನೇರವಾಗಿ ಉತ್ತರ ಹೇಳಬೇಕಾದ ಪಾಲಿಕೆಗೆ ನಕ್ಷೆಯ ಮೇಲೆ ಅಧಿಕಾರವಿರಲಿಲ್ಲ. 1976ರ ಕರ್ನಾಟಕ ಪೌರನಿಗಮಗಳ ಕಾಯ್ದೆ ಪಾಲಿಕೆಗಳಿಗೆ ಏಕರೂಪದ ಕಾನೂನು ಕೊಟ್ಟಿತೇ ಹೊರತು ಈ ಅಸಮತೋಲನವನ್ನು ಸರಿಪಡಿಸಲಿಲ್ಲ.

ಇನ್ನೊಂದು ಸಂಕಟವೂ ಇತ್ತು. ಬೆಂಗಳೂರಿನ ಅಂಚಿನ ಹಳ್ಳಿಯ ಗೇಣಿದಾರನಿಗೆ ಭೂ ನ್ಯಾಯಮಂಡಳಿ ಕೊಟ್ಟ ಎರಡು ಮೂರು ಎಕರೆ ಜಮೀನು ಮುಂದೆ ಬಡಾವಣೆಯ ಅಧಿಸೂಚನೆಯೊಳಗೆ ಸಿಲುಕಬಹುದಿತ್ತು. ಉಳುವವನನ್ನು ಒಡೆಯನನ್ನಾಗಿ ಮಾಡಿದ ಶಾಸನವೂ, ಅವನ ನೆಲವನ್ನು ಸಾರ್ವಜನಿಕ ಉದ್ದೇಶಕ್ಕೆಂದು ಪಡೆಯುವ ಶಾಸನವೂ ಒಂದೇ ಸರ್ಕಾರದ ಕೃತಿಗಳು. ಪಡೆದ ನೆಲಕ್ಕೆ ದೊರೆತದ್ದು ಅಧಿಸೂಚನೆಯ ದಿನದ ಬೆಲೆ. ಅದು ನಿವೇಶನವಾಗಿ ಮಾರಾಟವಾದಾಗ ಏರಿದ ಬೆಲೆಯಲ್ಲಿ ಅವನಿಗೆ ಪಾಲಿರಲಿಲ್ಲ. ಸಮಾಜವನ್ನು ಮೇಲು ಕೆಳಗು ಮಾಡಬಲ್ಲ ಧೈರ್ಯವಿದ್ದ ಅರಸು ಅವರು ಈ ವೈರುಧ್ಯಕ್ಕೆ ಪರಿಹಾರ ಕಂಡುಕೊಳ್ಳಲಿಲ್ಲ.

ಅವರ ಕಾಲದಲ್ಲಿ ಒತ್ತಡ ಎಷ್ಟಿತ್ತೆಂಬುದನ್ನೂ ಮರೆಯುವಂತಿಲ್ಲ. 1971ರಿಂದ 1981ರ ನಡುವೆ ಬೆಂಗಳೂರಿನ ಜನಸಂಖ್ಯೆ ಹದಿನಾರೂವರೆ ಲಕ್ಷದಿಂದ ಇಪ್ಪತ್ತೊಂಬತ್ತು ಲಕ್ಷಕ್ಕೆ, ಅಂದರೆ ಸುಮಾರು ಶೇಕಡ 76ರಷ್ಟು, ಏರಿತು. ದೇಶದ ದೊಡ್ಡ ನಗರಗಳಲ್ಲಿ ಅಷ್ಟು ವೇಗ ಬೇರೆಲ್ಲೂ ಇರಲಿಲ್ಲ. ಅರವತ್ತರ ದಶಕದಲ್ಲಿ ಕೆಲಸ ಆರಂಭವಾಗಿದ್ದ ಕಾವೇರಿ ನೀರಿನ ಮೊದಲ ಹಂತ 1974ರಲ್ಲಿ ಪೂರ್ಣಗೊಂಡು, ನೂರು ಕಿಲೋಮೀಟರ್ ದೂರದ ನದಿಯಿಂದ ಸುಮಾರು ಐದುನೂರು ಮೀಟರ್ ಎತ್ತರಕ್ಕೆ ನೀರೆತ್ತುವ ಕ್ರಮ ಆರಂಭವಾಯಿತು. ಆ ನೀರು ಬಾರದಿದ್ದರೆ ನಗರ ಉಳಿಯುವುದೇ ಕಷ್ಟವಿತ್ತು. ಬಂದ ಮೇಲೆ, ನಗರ ಎಷ್ಟು ಹರಡಿದರೂ ಎಲ್ಲಿಂದಲಾದರೂ ನೀರು ತರಬಹುದೆಂಬ ನಂಬಿಕೆ ಬೆಳೆಯಿತು.

ಪತನ ಮತ್ತು ಕೊನೆಯ ದಿನಗಳು

1977ರಲ್ಲಿ ಕೇಂದ್ರದಲ್ಲಿ ಜನತಾ ಸರ್ಕಾರ ಬಂದಾಗ ಅರಸು ಅವರ ಮೇಲಿನ ಸ್ವಜನಪಕ್ಷಪಾತ ಮತ್ತು ಅಧಿಕಾರ ದುರ್ಬಳಕೆಯ ಆರೋಪಗಳ ವಿಚಾರಣೆಗೆ ನ್ಯಾಯಮೂರ್ತಿ ಎ.ಎನ್. ಗ್ರೋವರ್ ಆಯೋಗ ನೇಮಕವಾಯಿತು. ರಾಜ್ಯ ಸರ್ಕಾರ ಅದನ್ನು ಸುಪ್ರೀಂ ಕೋರ್ಟಿನಲ್ಲಿ ಪ್ರಶ್ನಿಸಿ ಸೋತಿತು. ಆ ವರ್ಷದ ಕೊನೆಯ ದಿನ ಅವರ ಸರ್ಕಾರ ಹೋಗಿ ರಾಷ್ಟ್ರಪತಿ ಆಳ್ವಿಕೆ ಬಂದಿತು. ಎರಡೇ ತಿಂಗಳಲ್ಲಿ ನಡೆದ ಚುನಾವಣೆಯಲ್ಲಿ ಜನ ಮತ್ತೆ ಅವರನ್ನು ಗೆಲ್ಲಿಸಿದರು. 1978ರ ಫೆಬ್ರವರಿ 28ರಂದು ಎರಡನೆಯ ಬಾರಿ ಮುಖ್ಯಮಂತ್ರಿಯಾದರು. ಅದೇ ವರ್ಷದ ನವೆಂಬರ್‌ನಲ್ಲಿ ಚಿಕ್ಕಮಗಳೂರಿನ ಉಪಚುನಾವಣೆಯಲ್ಲಿ ಇಂದಿರಾ ಗಾಂಧಿ ಅವರು ಗೆದ್ದು ಲೋಕಸಭೆಗೆ ಮರಳಿದ್ದರ ಹಿಂದೆ ಅರಸು ಅವರ ಶ್ರಮವಿತ್ತು.

ಮರುವರ್ಷವೇ ಇಬ್ಬರೂ ಬೇರಾದರು. 1980ರ ಜನವರಿಯ ಲೋಕಸಭಾ ಚುನಾವಣೆಯಲ್ಲಿ ಇಂದಿರಾ ಕಾಂಗ್ರೆಸ್ ರಾಜ್ಯದ 28 ಸ್ಥಾನಗಳಲ್ಲಿ 27ನ್ನು ಗೆದ್ದಿತು. ಅರಸು ಅವರ ಬೆಂಬಲಿಗ ಶಾಸಕರು ಒಬ್ಬೊಬ್ಬರಾಗಿ ಸರಿದುಹೋದರು. ಅವರು ರಾಜೀನಾಮೆ ನೀಡಿ, ಆರ್. ಗುಂಡೂರಾವ್ ಮುಖ್ಯಮಂತ್ರಿಯಾದರು. ಕ್ರಾಂತಿರಂಗ ಎಂಬ ಪಕ್ಷ ಕಟ್ಟಿ ಮತ್ತೆ ಎದ್ದು ನಿಲ್ಲುವ ಯತ್ನದಲ್ಲಿದ್ದಾಗಲೇ 1982ರ ಜೂನ್ 6ರಂದು ಅರಸು ನಿಧನರಾದರು. ಅವರಿಗೆ ಆಗ 66 ವರ್ಷ. ಮರುವರ್ಷ ರಾಜ್ಯದಲ್ಲಿ ಮೊದಲ ಕಾಂಗ್ರೆಸ್ಸೇತರ ಸರ್ಕಾರ ಬಂದಿತು.

ಬೇಲಿ ಸರಿದ ಬಗೆ

ಅರಸು ತೀರಿಕೊಂಡ ಮೇಲೂ ಅವರ ಕಾನೂನುಗಳು ಉಳಿದವು. ಆದರೆ ಅವುಗಳಲ್ಲಿ ಹೊರಗೆ ಹಿಗ್ಗುವ ಶಕ್ತಿ ಬೆಳೆಯಿತು, ಹಿಡಿದಿಡುವ ಶಕ್ತಿ ಸವೆಯಿತು. 1984ರ ಸಮಗ್ರ ಅಭಿವೃದ್ಧಿ ಯೋಜನೆಯಲ್ಲಿ ಸುಮಾರು 1,279 ಚದರ ಕಿಲೋಮೀಟರ್ ಯೋಜನಾ ಪ್ರದೇಶದ ಪೈಕಿ ಕಟ್ಟಡಗಳಿಗೆ ಸುಮಾರು 440, ಹಸಿರು ಪಟ್ಟಿಗೆ ಸುಮಾರು 840 ಚದರ ಕಿಲೋಮೀಟರ್ ಎಂದು ಗುರುತಿಸಲಾಗಿತ್ತು. 2007ರ ಪರಿಷ್ಕೃತ ಯೋಜನೆಯ ಹೊತ್ತಿಗೆ ಕಟ್ಟಡಗಳ ಪಾಲು 800 ಚದರ ಕಿಲೋಮೀಟರ್ ದಾಟಿತು. ಎರಡು ದಶಕಗಳಲ್ಲಿ ಅಂಕಿಗಳು ಹೆಚ್ಚುಕಡಿಮೆ ಅದಲುಬದಲಾದವು.

ಪ್ರಾಧಿಕಾರ ಬಡಾವಣೆ ಮಾಡುವ ವೇಗ ಜನಸಂಖ್ಯೆಯ ವೇಗಕ್ಕೆ ಸಾಲದೆ ಹೋದಾಗ ಕಂದಾಯ ನಿವೇಶನಗಳು ಹುಟ್ಟಿದವು. ಭೂ ಪರಿವರ್ತನೆಯಿಲ್ಲದೆ, ನಕ್ಷೆಗೆ ಅನುಮೋದನೆಯಿಲ್ಲದೆ, ಜಿಪಿಎ ಪತ್ರದ ಬಲದಲ್ಲಿ ಹೊಲಗಳು ಸೈಟುಗಳಾದವು. 79ಎ ಬೇಲಿಯ ಸಂದುಗಳಿಂದ ನಗರದ ಹಣ ಹಾದುಹೋಯಿತು. ಗೃಹನಿರ್ಮಾಣ ಸಹಕಾರ ಸಂಘಗಳ ಹೆಸರಿನಲ್ಲಿ ಎಂಬತ್ತರ ದಶಕದಲ್ಲಿ ನಡೆದ ಭೂಸ್ವಾಧೀನಗಳಲ್ಲಿ ಒಂದನ್ನು ಸುಪ್ರೀಂ ಕೋರ್ಟು 1995ರಲ್ಲಿ ಎಚ್‌ಎಂಟಿ ಗೃಹನಿರ್ಮಾಣ ಸಂಘದ ಪ್ರಕರಣದಲ್ಲಿ ರದ್ದುಪಡಿಸಿತು. 2007ರಲ್ಲಿ ಏಳು ನಗರಸಭೆ, ಒಂದು ಪುರಸಭೆ, 110 ಹಳ್ಳಿಗಳನ್ನು ಸೇರಿಸಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ ರಚನೆಯಾದದ್ದು, ಆಗಲೇ ಹರಡಿಬಿಟ್ಟಿದ್ದ ಊರಿಗೆ ಕಾನೂನು ಹಿಂದಿನಿಂದ ಹಾಕಿದ ಮುದ್ರೆ. 2011ರ ಜನಗಣತಿಯಲ್ಲಿ ಅದರ ಜನಸಂಖ್ಯೆ 84 ಲಕ್ಷ.

79ಎ ಅಡಿಯ ಆದಾಯದ ಮಿತಿಯನ್ನು ಹಂತಹಂತವಾಗಿ ಏರಿಸುತ್ತಾ 2015ರಲ್ಲಿ 25 ಲಕ್ಷ ರೂಪಾಯಿಗೆ ತರಲಾಯಿತು. 2020ರಲ್ಲಿ ಕಲಂ 79ಎ, 79ಬಿಗಳನ್ನೇ ತೆಗೆದುಹಾಕಲಾಯಿತು. ಅದೂ 1974ರ ಮಾರ್ಚ್ 1ರಿಂದಲೇ ಅವು ಇರಲಿಲ್ಲವೆಂಬಂತೆ, ಪೂರ್ವಾನ್ವಯವಾಗಿ. ಆ ಕಲಮುಗಳು ಭ್ರಷ್ಟಾಚಾರಕ್ಕೆ ದಾರಿಯಾಗಿವೆ, ಕೃಷಿಗೆ ಬರಬಯಸುವ ವಿದ್ಯಾವಂತರನ್ನು ತಡೆಯುತ್ತಿವೆ ಎಂಬುದು ಸರ್ಕಾರದ ವಾದವಾಗಿತ್ತು. ಸಣ್ಣ ರೈತ ನೆಲ ಕಳೆದುಕೊಳ್ಳುತ್ತಾನೆ ಎಂಬುದು ರೈತ ಸಂಘಟನೆಗಳ ವಾದ. ಎರಡರಲ್ಲೂ ತಥ್ಯವಿದೆ. ಬೇಲಿ ಹಳತಾಗಿತ್ತು, ನಿಜ. ಆದರೆ ಅದನ್ನು ಕಿತ್ತಾಗ ಅದರ ಜಾಗದಲ್ಲಿ ನಗರದ ಎಲ್ಲೆಯನ್ನು ಕಾಯುವ ಬೇರೊಂದು ಕಾನೂನನ್ನು ಯಾರೂ ನೆಡಲಿಲ್ಲ.

ಹೊಂಗಡಹಳ್ಳದವರೆಗೆ

ಈ ಕಥೆ ಸಕಲೇಶಪುರದ ಬೆಟ್ಟಗಳನ್ನು ಎರಡು ದಾರಿಗಳಲ್ಲಿ ಮುಟ್ಟುತ್ತದೆ. ಮೊದಲನೆಯದು ನೆಲದ ದಾರಿ. ಅರಸು ಕಾಲದ ತಿದ್ದುಪಡಿಯ ಬೇಲಿ ಇಲ್ಲಿನ ತೋಟಗಳನ್ನು ಸುತ್ತುವರಿದಿರಲಿಲ್ಲ. ಕಾಫಿ, ಏಲಕ್ಕಿ, ಮೆಣಸು ಮೊದಲಾದ ಪ್ಲಾಂಟೇಷನ್ ಬೆಳೆಗಳ ಜಮೀನಿಗೆ ಭೂಮಿತಿಯೂ 79ಎ, 79ಬಿಗಳೂ ಅನ್ವಯಿಸದಂತೆ ಕಲಂ 104 ವಿನಾಯಿತಿ ಕೊಟ್ಟಿತ್ತು. ತೋಟಗಳನ್ನು ತುಂಡು ಮಾಡಿದರೆ ರಫ್ತಿನ ಬೆಳೆ ಕೆಡುತ್ತದೆ ಎಂಬ ಲೆಕ್ಕಾಚಾರ ಅದರ ಹಿಂದಿತ್ತು. ಹೀಗಾಗಿ ಬಯಲುಸೀಮೆಯ ಹೊಲ ಕೊಳ್ಳಲಾಗದ ನಗರವಾಸಿ ಮಲೆನಾಡಿನ ಕಾಫಿ ತೋಟ ಕೊಳ್ಳಬಹುದಿತ್ತು. ಕಾಫಿ ಬೆಲೆ ಕುಸಿದಾಗ ತೋಟ ಮಾರಬೇಕಾದವರಿಗೆ ನಗರದ ಹಣ ಆಸರೆಯೂ ಆಯಿತು. ಸಕಲೇಶಪುರ, ಆಲೂರು ಸೀಮೆಯಲ್ಲಿ ಇಂದು ಕಾಣುವ ರೆಸಾರ್ಟು, ಹೋಂಸ್ಟೇ, ವಾರಾಂತ್ಯದ ಮನೆಗಳು ನಗರದ ವಿಸ್ತರಣೆಯ ದೂರದ ಕವಲುಗಳೇ.

ಎರಡನೆಯದು ನೀರಿನ ದಾರಿ. ಹೊಂಗಡಹಳ್ಳ ಎಂಬುದು ಊರಿನ ಹೆಸರೂ ಹೌದು, ಹಳ್ಳದ ಹೆಸರೂ ಹೌದು. ಎತ್ತಿನಹೊಳೆ, ಕಾಡುಮನೆ ಹೊಳೆ, ಕೇರಿಹೊಳೆಗಳ ಜತೆಗೆ ಈ ಹಳ್ಳದ ನೀರನ್ನೂ ಪೂರ್ವಕ್ಕೆ ತಿರುಗಿಸುವ ಎತ್ತಿನಹೊಳೆ ಯೋಜನೆಗೆ 2014ರಲ್ಲಿ ಶಂಕುಸ್ಥಾಪನೆಯಾಯಿತು. 24.01 ಟಿಎಂಸಿ ನೀರನ್ನು ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು, ರಾಮನಗರ, ಬೆಂಗಳೂರು ಗ್ರಾಮಾಂತರ ಮೊದಲಾದ ಜಿಲ್ಲೆಗಳಿಗೆ ಒಯ್ಯುವುದು ಉದ್ದೇಶ. ಸುಮಾರು 12,912 ಕೋಟಿ ರೂಪಾಯಿಗಳ ಅಂದಾಜು 23,251 ಕೋಟಿಗೆ ಏರಿತು. ಮೊದಲ ಹಂತ 2024ರ ಸೆಪ್ಟೆಂಬರ್ 6ರಂದು ಸಕಲೇಶಪುರ ತಾಲ್ಲೂಕಿನಲ್ಲಿ ಉದ್ಘಾಟನೆಯಾಯಿತು.

ಕೋಲಾರದ ರೈತನಿಗೆ ನೀರು ಬೇಕಿರುವುದು ನಿಜ. ಅಲ್ಲಿನ ಬಾಯಾರಿಕೆಗೆ ನಗರವನ್ನು ಮಾತ್ರ ದೂರುವುದು ಸರಿಯಲ್ಲ. ಆದರೆ ಅದೇ ಕೊಳವೆಯ ದಾರಿಯಲ್ಲಿ ಬೆಂಗಳೂರಿನ ಉತ್ತರ ಮತ್ತು ಪಶ್ಚಿಮದ ಅಂಚಿನ ಊರುಗಳೂ ಇವೆ. ಬಡಾವಣೆಗಳು ಕೆರೆಗಳ ಅಂಗಳಕ್ಕೆ, ರಾಜಕಾಲುವೆಗಳ ಮೇಲಕ್ಕೆ ಬೆಳೆದು, ಅಂತರ್ಜಲ ಸಾವಿರ ಅಡಿಗೂ ಕೆಳಗಿಳಿದ ಸೀಮೆ ಅದು. ನಗರದ ಎಲ್ಲೆಯನ್ನು ಎಲ್ಲಿ ನಿಲ್ಲಿಸಬೇಕೆಂಬ ಪ್ರಶ್ನೆಯನ್ನು ವಿಧಾನಸೌಧ ಮುಂದೂಡಿದಷ್ಟೂ ಅದರ ಬಿಲ್ಲು ಘಟ್ಟದ ಹಳ್ಳಗಳ ಹೆಸರಿಗೆ ಬರುತ್ತದೆ.

ಉಳಿದಿರುವ ಕೆಲಸ

2024ರ ಗ್ರೇಟರ್ ಬೆಂಗಳೂರು ಆಡಳಿತ ಕಾಯ್ದೆ 2025ರ ಮೇ 15ರಂದು ಜಾರಿಗೆ ಬಂದು, ಮಹಾನಗರ ಪಾಲಿಕೆಯ ಜಾಗದಲ್ಲಿ ಐದು ಪಾಲಿಕೆಗಳು ರಚನೆಯಾಗಿವೆ. ಅರ್ಧ ಶತಮಾನದ ನಂತರ ನಗರದ ಆಡಳಿತ ಮತ್ತೆ ಹೊಸದಾಗಿ ಜೋಡಣೆಯಾಗುತ್ತಿದೆ. ಅರಸು ಅವರ ಅನುಭವ ಉಪಯೋಗಕ್ಕೆ ಬರುವುದು ಇಲ್ಲಿಯೇ. ಕಾಯ್ದೆಯ ಪೀಠಿಕೆಯಲ್ಲಿ ಏನು ಬರೆದಿದೆ ಎಂಬುದಕ್ಕಿಂತ ಯಾವ ಸಂಸ್ಥೆಗೆ ಹಣ ಹುಟ್ಟಿಸುವ ದಾರಿ ಇದೆ, ಯಾವುದಕ್ಕಿಲ್ಲ ಎಂಬುದು ನಗರದ ರೂಪವನ್ನು ನಿರ್ಧರಿಸುತ್ತದೆ. ಹೊಸ ಬಡಾವಣೆಯಿಂದ ಮಾತ್ರ ಆದಾಯ ಬರುವ ವ್ಯವಸ್ಥೆ ಹೊಸ ಬಡಾವಣೆಯನ್ನೇ ಮಾಡುತ್ತದೆ. ಹಳೆಯ ಪೇಟೆಯ ಚರಂಡಿ, ಕೊಳೆಗೇರಿಯ ನಲ್ಲಿ, ಕೆರೆಯ ಕೋಡಿ ಇವುಗಳಿಗೆ ಕಾನೂನಿನಲ್ಲೇ ಖಚಿತವಾದ ಪಾಲು ಇಡದಿದ್ದರೆ ಅವು ಭಾಷಣಗಳಲ್ಲಿ ಉಳಿಯುತ್ತವೆ.

ಅರಸು ಅವರ ಭೂಸುಧಾರಣೆ ಗೆದ್ದದ್ದು ಅದು ಘೋಷಣೆಯಾಗಿ ನಿಲ್ಲದೆ ಫಾರಂ, ನ್ಯಾಯಮಂಡಳಿ, ಗಡುವುಗಳೊಂದಿಗೆ ತಾಲ್ಲೂಕು ಕಚೇರಿಯ ಬಾಗಿಲಿಗೆ ಬಂದುದರಿಂದ. ನಗರದ ಬಡವನಿಗಾಗಿ ಅವರೇ ಮಾಡಿದ ಕಾಯ್ದೆಗೆ ಆ ಭಾಗ್ಯ ದೊರೆಯಲಿಲ್ಲ. ಮಂಡಳಿಯ ಹೆಸರು ಮುಂದೆ ಕೊಳಗೇರಿ ಅಭಿವೃದ್ಧಿ ಮಂಡಳಿ ಎಂದು ಬದಲಾಯಿತು. ಕಾಯ್ದೆ ಮಾತ್ರ ಇಂದಿಗೂ ಜಾರಿಯಲ್ಲಿದೆ. ಐದು ಪಾಲಿಕೆಗಳ ಮೊದಲ ಆಯವ್ಯಯಗಳಲ್ಲಿ ಅದಕ್ಕೆಷ್ಟು, ಹೊಸ ರಸ್ತೆ ಬಡಾವಣೆಗಳಿಗೆಷ್ಟು ಎಂದು ನೋಡಿದರೆ, ಅರಸು ಬಿಟ್ಟುಹೋದ ಪ್ರಶ್ನೆಗೆ ಈ ತಲೆಮಾರು ಯಾವ ಉತ್ತರ ಕೊಡುತ್ತಿದೆ ಎಂಬುದು ತಿಳಿಯುತ್ತದೆ.